ಗ್ರಾಂ ಲೆಕ್ಕದ ಸುಖ

ಬೆಳಗ್ಗೆ ಸೊಪ್ಪು ಹಾಕುವ ಮೊದಲೇ ತೂಕ ನೋಡಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಅದರ ಮೇಲೊಂದು ಅಗಲ ಬಾಯಿಯ ಸ್ಟೀಲ್ ಡಬ್ಬಿ, ಒಳಗೆ ಮೆತ್ತನೆಯ ಹಳೇ ಬಟ್ಟೆ. ಸಣಕಲು ಮರಿಯನ್ನು ಎರಡೂ ಕೈಯಲ್ಲಿ ಎತ್ತಿ ಇಳಿಸಿ, ಕುಣಿಯುವ ಅಂಕಿ ನಿಲ್ಲಲಿ ಎಂದು ಕಾಯುವ ಹೊತ್ತು ನನಗೆ ಬಲು ಇಷ್ಟ. ನಿನ್ನೆಗಿಂತ ನಾಲ್ಕು ಗ್ರಾಂ ಹೆಚ್ಚು! ಎಳೆಯ ಗಿನಿ ಪಿಗ್ ದಿನಕ್ಕೆ ನಾಲ್ಕೈದು ಗ್ರಾಂ ಏರುತ್ತಿದ್ದರೆ ಚಿಂತೆಯಿಲ್ಲ.

ಎರಡು ತಿಂಗಳಿಗೂ ಮೇಲೆ ತಾಯ ಹೊಟ್ಟೆಯಲ್ಲಿದ್ದು, ಮೈತುಂಬ ಕೂದಲು, ತೆರೆದ ಕಣ್ಣು, ಮೂಡಿದ ಹಲ್ಲುಗಳ ಸಮೇತ ಹುಟ್ಟುವ ಜೀವ ಇದು. ಒಂದೆರಡು ದಿನದಲ್ಲೇ ಹುಲ್ಲು ಕಡಿಯುತ್ತದೆ. ಆದರೂ ಹಾಲು ಬೇಕೇ ಬೇಕು, ತಾಯಿಗಿರುವುದು ಎರಡೇ ಮೊಲೆತೊಟ್ಟು. ನಾಲ್ಕು ಮರಿ ಹುಟ್ಟಿದರೆ ಎಲ್ಲಕ್ಕಿಂತ ಸಣ್ಣದು ಹಿಂದೆ ಬೀಳುತ್ತದೆ.

"ಅನ್ನ, ಬಿಸ್ಕತ್ತು ಕೊಡಿ, ಬೇಗ ಮೈ ತುಂಬ್ಕೊಳತ್ತೆ" ಎನ್ನುವವರಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಇದರ ಹೊಟ್ಟೆ ನಡೆಯುವುದು ನಾರಿನಿಂದ; ಹಿಟ್ಟು, ಸಕ್ಕರೆ ಬಿದ್ದರೆ ಕರುಳು ಕೆಡುತ್ತದೆ. ಒಣಹುಲ್ಲು ಸದಾ ಮುಂದಿರಬೇಕು. ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುವುದರಿಂದ ಅದು ಸವೆಯುವುದಕ್ಕೂ ಹುಲ್ಲೇ ಗತಿ. ಬೆಳೆಯುವ ಮರಿಗೆ ಅದರ ಜೊತೆ ಒಣಗಿಸಿದ ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ಕೊಡುತ್ತೇನೆ. ಅದರಲ್ಲಿ ಪ್ರೋಟೀನು, ಕ್ಯಾಲ್ಸಿಯಂ ಎರಡೂ ಹೇರಳ. ಔಷಧಿ ಹೊಡೆಯದ ಜಾಗದ ಎಳೆ ಗರಿಕೆ ಸಿಕ್ಕ ದಿನವಂತೂ ಹಬ್ಬ: ತುದಿಯಿಂದ ಹಿಡಿದು ಸರಸರನೆ ಒಳಗೆಳೆದುಕೊಳ್ಳುವ ಆ ಪುಟ್ಟ ಬಾಯಿಯನ್ನು ನೋಡುತ್ತಾ ನೆಲದ ಮೇಲೆ ಕೂತರೆ ಕಾಫಿ ಆರಿದ್ದೂ ತಿಳಿಯುವುದಿಲ್ಲ.

ಮನುಷ್ಯರ ಹಾಗೆ ಇವಕ್ಕೂ ವಿಟಮಿನ್ ಸಿ ಮೈಯಲ್ಲಿ ತಯಾರಾಗದು. ದಿನಕ್ಕೆ 10ರಿಂದ 30 ಮಿಲಿಗ್ರಾಂ ಹೊರಗಿನಿಂದಲೇ ಬರಬೇಕು. ಕಡಿಮೆಯಾದರೆ ಕೀಲು ನೋಯುತ್ತದೆ, ತಿನ್ನುವುದು ನಿಲ್ಲುತ್ತದೆ, ತೂಕ ಇಳಿಯುತ್ತದೆ. ನೀರಿಗೆ ಹಾಕುವ ಹನಿಗಳ ಮೇಲೆ ನನಗೆ ಭರವಸೆಯಿಲ್ಲ, ಬೆಳಕಿಗೆ ಅವುಗಳ ಸತ್ವ ಬೇಗ ಹೋಗುತ್ತದೆ. ಒಂದು ಹೋಳು ದೊಣ್ಣೆ ಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಆಗೊಮ್ಮೆ ಈಗೊಮ್ಮೆ ಸೀಬೆಹಣ್ಣಿನ ಚೂರು ಸಾಕು.

ತಿನಿಸು ಸರಿಯಿದ್ದೂ ಮರಿ ಏರದಿದ್ದರೆ ಗೂಡಿನೊಳಗಿನ ದಬ್ಬಾಳಿಕೆಯನ್ನು ಗಮನಿಸಬೇಕು. ಹುಲ್ಲನ್ನು ಎರಡು ಮೂರು ಕಡೆ ಹರಡಿದರೆ ಅಂಜುಬುರುಕ ಮರಿಗೂ ಪಾಲು ಸಿಗುತ್ತದೆ. ಬೇರೆ ಮಾಡುವ ಆತುರ ಬೇಡ; ದೊಡ್ಡವುಗಳ ಹಿಕ್ಕೆ ತಿಂದೇ ಮರಿಯ ಕರುಳಿಗೆ ಬೇಕಾದ ಸೂಕ್ಷ್ಮಜೀವಿಗಳು ಸೇರುತ್ತವೆ. ತೂಕ ಇಳಿಯುತ್ತಾ ಬಂದರೆ, ಅರ್ಧ ದಿನ ಬಾಯಿಗೆ ಏನೂ ಮುಟ್ಟಿಸದಿದ್ದರೆ, ಇಂಥ ಪ್ರಾಣಿಗಳನ್ನು ಬಲ್ಲ ವೈದ್ಯರ ಬಳಿ ತಕ್ಷಣ ಓಡಬೇಕು. ಮನೆಯಲ್ಲುಳಿದ ಮಾತ್ರೆ ಪುಡಿಮಾಡಿ ಕೊಡಲೇಬಾರದು: ಬಾಯಿಗೆ ಹಾಕುವ ಪೆನಿಸಿಲಿನ್ ಜಾತಿಯ ಔಷಧಿ ಇವಕ್ಕೆ ಪ್ರಾಣಾಂತಿಕ.

ಆರು ತಿಂಗಳು ತುಂಬುವಾಗ ಲೂಸರ್ನ್ ಕಡಿಮೆ ಮಾಡುತ್ತಾ ನಿಲ್ಲಿಸುತ್ತೇನೆ, ಮುಂದೆ ಅದರ ಕ್ಯಾಲ್ಸಿಯಂ ಮೂತ್ರಕೋಶದಲ್ಲಿ ಕಲ್ಲಾಗಬಹುದು. ಪ್ಲಾಸ್ಟಿಕ್ ಕವರಿನ ಸದ್ದಿಗೇ "ವೀಕ್ ವೀಕ್" ಎಂದು ಮನೆ ಎಬ್ಬಿಸುವ ಆ ಮರಿಯನ್ನು ಅಷ್ಟರಲ್ಲಿ ವಾರಕ್ಕೊಮ್ಮೆ ತೂಗಿದರೂ ನಡೆಯುತ್ತದೆ. ನಾನು ಮಾತ್ರ ದಿನವೂ ತೂಗುತ್ತೇನೆ.