ಕಾರ್ಡ್ ಕಿತ್ತ ರಾತ್ರಿ

ಸಿಂಗಪುರಕ್ಕೆ ಹೊರಡೋ ಮುಂಚೆ ನನ್ನ ಬ್ಯಾಟರಿ ವೀಲ್‌ಚೇರಿನ ಚಾರ್ಜರ್ ತಿರುಗಿಸಿ, ಹಿಂದಿರೋ ಚೀಟಿ ಓದಿದ್ದೆ. ಅಲ್ಲೂ ನಮ್ಮ ಹಾಗೇ 230 ವೋಲ್ಟ್, ಪಿನ್ನು ಮಾತ್ರ ಚಪ್ಪಟೆ. ಅರ್ತಿಂಗ್ ಇರೋ ಅಡಾಪ್ಟರ್ ತಗೊಂಡಿದ್ದಾಯ್ತು. ಅಡಾಪ್ಟರ್ ಬದಲಿಸೋದು ಪಿನ್ನಿನ ಆಕಾರವನ್ನಷ್ಟೇ, ವೋಲ್ಟೇಜನ್ನಲ್ಲ. ಅಮೆರಿಕದ 120 ವೋಲ್ಟಿಗೆ ಹೋಗೋರು ಚಾರ್ಜರ್ ಮೇಲೆ 100–240 ಅಂತ ಇದೆಯಾ ನೋಡ್ಕೊಳ್ಳಿ. ಇಷ್ಟೆಲ್ಲ ತಿಳಿದವಳು ಹೋಟೆಲ್ ರೂಮಿನ ಬಾಗಿಲ ಪಕ್ಕ ಸಿಕ್ಕಿಸೋ ಕಾರ್ಡನ್ನ ಲೆಕ್ಕಕ್ಕೇ ಇಟ್ಟಿರಲಿಲ್ಲ.

ಮೊದಲ ರಾತ್ರಿ ಚಾರ್ಜರಿನ ಕೆಂಪು ದೀಪ ಹತ್ತಿದ್ದು ನೋಡಿಯೇ ಮಲಗಿದೆ. ಲೈಟೆಲ್ಲ ಒಟ್ಟಿಗೆ ಆರಲಿ ಅಂತ ನಮ್ಮೆಜಮಾನ್ರು ಕಾರ್ಡ್ ಕಿತ್ತು ದಿಂಬಿನ ಕೆಳಗಿಟ್ಟುಕೊಂಡರು. ಲೈಟಿನ ಜೊತೆ ಪ್ಲಗ್ಗೂ ಸತ್ತಿತು. ಬೆಳಗ್ಗೆ ನೋಡಿದರೆ ಬ್ಯಾಟರೀಲಿ ಒಂದೇ ಗೆರೆ. ತಿಂಡಿ ಮುಗಿಸೋವರೆಗೆ ಆದಷ್ಟು ಚಾರ್ಜ್ ಮಾಡಿ, ಸಾಕಾಗುತ್ತೆ ಅಂತ ಹೊರಟೆವು.

ಸಾಕಾಗಲಿಲ್ಲ. ಗಾರ್ಡನ್ಸ್ ಬೈ ದ ಬೇ ಒಳಗೆ ಕುರ್ಚಿ ನಿಂತೇಬಿಟ್ಟಿತು. ಅವರು ಕ್ಲಚ್ ಬಿಡಿಸಿ ತಳ್ಳತೊಡಗಿದರು. ಕುರ್ಚಿಯದೇ ಅಷ್ಟು ಭಾರ, ಮೇಲೆ ನಾನು ಬೇರೆ. "ನನ್ನದೇ ತಪ್ಪು ಕಣೇ" ಅಂದರು. ನಾನು ಮಾತಾಡಲಿಲ್ಲ. ಸಿಟ್ಟು ಅವರ ಮೇಲಲ್ಲ; ಎಷ್ಟೋ ವರ್ಷದ ಮೇಲೆ ಮತ್ತೆ, ಒಯ್ದ ಕಡೆ ಹೋಗೋ ಸಾಮಾನಾಗಿದ್ದೆ.

ಅವತ್ತು ಸಂಜೆ, ಹಗಲಿಗೂ ಇರಲಿ ಅಂತ ಎರಡನೇ ಕಾರ್ಡ್ ಇಸ್ಕೊಂಡೆವು. ಒಂದನ್ನ ಗೋಡೆಯಲ್ಲೇ ಬಿಟ್ಟು ಲೈಟುಗಳನ್ನ ಒಂದೊಂದಾಗಿ ಆರಿಸಿದ್ವಿ. ಕೆಂಪು ದೀಪ ಇನ್ನೂ ಉರೀತಿದೆಯಾ ಅಂತ ರಾತ್ರಿ ಅವರೇ ಎರಡು ಸಲ ಎದ್ದು ನೋಡಿದರು.