ಮಿತಾಹಾರದ ಲೆಕ್ಕ

ಆನಗೋಡಿನ ಗೃಹಸ್ಥರೊಬ್ಬರಿಗೆ ಅರುವತ್ತರ ಅಂಚಿನಲ್ಲಿ ಮಧುಮೇಹವು ಕಾಣಿಸಿಕೊಂಡಿತು. ದೇಹಭಾರವನ್ನಿಳಿಸದಿದ್ದರೆ ಕಣ್ಣುಕಾಲುಗಳಿಗೆ ಕೇಡೆಂದು ವೈದ್ಯರು ಎಚ್ಚರಿಸಿದರು. ಹೊಟ್ಟೆಯ ಎರಡು ಪಾಲು ಅನ್ನಕ್ಕೆ, ಒಂದು ದ್ರವಕ್ಕೆ, ಉಳಿದೊಂದು ವಾಯುವಿಗೆ ಎಂಬ ವಾಗ್ಭಟನ ಅಳತೆಯನ್ನು ಅವರು ಬಲ್ಲವರೇ. ಆದರೆ ತುಪ್ಪಕ್ಕೂ ಮಜ್ಜಿಗೆಗೂ ಇರುವ ಅಂತರವನ್ನು ಹೊಟ್ಟೆಯು ಅಳೆಯಲಾರದಷ್ಟೆ! ಒಂದು ಗ್ರಾಂ ಪಿಷ್ಟದಲ್ಲಿ ಸುಮಾರು 4 ಕ್ಯಾಲೊರಿ, ಕೊಬ್ಬಿನಲ್ಲಿ 9. ಹತ್ತು ಗ್ರಾಂ ಬೆಣ್ಣೆಯೇ 70ನ್ನು ಮೀರುವುದು. ಆದುದರಿಂದ ಅವರು ಉಂಡುದನ್ನೆಲ್ಲ ಪುಸ್ತಕದಲ್ಲಿ ಬರೆದಿಡತೊಡಗಿದರು.

ಎರಡು ತಿಂಗಳು ಲೆಕ್ಕವು ತಪ್ಪದೆ ನಡೆಯಿತು, ಭಾರವೂ ಇಳಿಯಿತು. ಒಂದು ದಿನ ದಾವಣಗೆರೆಯಲ್ಲಿ ಬೀಗರ ಒತ್ತಾಯಕ್ಕೆ ಮಣಿದು ಮೂರು ಬೆಣ್ಣೆದೋಸೆಗಳನ್ನು ತಿಂದರು. ವ್ರತಭಂಗವಾಯಿತೆಂದು ಮರುದಿನ ಉಪವಾಸ. ಅದರ ಮರುದಿನ ಹಸಿವಿನಿಂದ ಇಮ್ಮಡಿ ಊಟ. ಕೆಟ್ಟ ವ್ರತಕ್ಕೆ ಲೆಕ್ಕವೇಕೆಂದು ಪುಸ್ತಕವು ಅಟ್ಟವನ್ನೇರಿತು. ತಿಂಗಳೊಂದರಲ್ಲಿ ಇಳಿದ ಭಾರದ ಅರ್ಧವು ಮರಳಿ ಬಂದಿತು.

ಮಡದಿಯು ಪುಸ್ತಕದ ಧೂಳೊರೆಸಿ ಮುಂದಿಟ್ಟು, “ನಷ್ಟವಾದ ದಿನವೇ ಯಾವ ವರ್ತಕನು ಖಾತೆಪುಸ್ತಕವನ್ನು ಬಿಸುಡುತ್ತಾನೆ? ಆ ಮೂರು ದೋಸೆಗಳನ್ನೂ ಖರ್ಚಿಗೆ ಬರೆಯಿರಿ” ಎಂದರು.

ನಾಚುತ್ತಲೇ ಬರೆದರು. ಪ್ರಾಯಶ್ಚಿತ್ತದ ಉಪವಾಸವನ್ನು ಬಿಟ್ಟು, ಮರುದಿನ ಎಂದಿನ ಮುದ್ದೆ, ಸೊಪ್ಪಿನ ಸಾರುಗಳಿಗೇ ಹಿಂದಿರುಗಿದರು. ಭಾರವು ಮತ್ತೆ ಮೆಲ್ಲಮೆಲ್ಲನೆ ಇಳಿಯಿತು. ಅವರ ಪುಸ್ತಕದಲ್ಲಿ ಈಗಲೂ ಮಿತಿ ತಪ್ಪಿದ ದಿನಗಳುಂಟು. ಬರೆಯದೆ ಬಿಟ್ಟ ದಿನವಿಲ್ಲ.