ನೆರಳಿದೆಯಾ?

ನಾನು ಮದ್ದೂರು ಬಿಟ್ಟು ಚೆನ್ನೈ ಸೇರಿದ್ದು 2001ರಲ್ಲಿ. ಮನೆ ಪೂಂದಮಲ್ಲಿಯಲ್ಲಿ. ಊರಿನವರು ನಮ್ಮಲ್ಲಿಗೆ ಬರುತ್ತಿದ್ದುದು ಎರಡೇ ಕಾರಣಕ್ಕೆ: ಒಂದು ಆಸ್ಪತ್ರೆ, ಇನ್ನೊಂದು ಮದುವೆಯ ಸೀರೆ. ಮೂರನೆಯ ಕಾರಣ ಹುಡುಕಿದವನು ನಮ್ಮಣ್ಣನ ಮಗ.

ಒಂದು ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಮನೆ ಮುಂದೆ ಟಾಟಾ ಏಸ್ ನಿಂತಿತು. ಹಿಂದೆ ಹಗ್ಗದಿಂದ ಬಿಗಿದ ಬೈಕು, ಸ್ಪ್ಯಾನರ್ ಡಬ್ಬ, ಸುತ್ತಿಟ್ಟ ಚಾಪೆ. ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಬೆಂಗಳೂರಿಂದ ಬಂದ ಮೂವರು ಹುಡುಗರು.

"ಚಿಕ್ಕಪ್ಪ, ಇರುಂಗಾಟ್ಟುಕೋಟೈನಲ್ಲಿ ಡ್ರ್ಯಾಗ್ ರೇಸ್ ಇದೆ. ಅಪ್ಪಂಗೆ ಮಾತ್ರ ಹೇಳ್ಬೇಡಿ."

ಹಿಂದಿನ ಸಲ ಬಂದಾಗ ಪೆಟ್ರೋಲ್ ಬಂಕಿನ ಪಕ್ಕ ಗಾಡಿಯಲ್ಲೇ ಮಲಗಿದ್ದರಂತೆ. ಲಾಡ್ಜ್ ಯಾಕೆ ಮಾಡಲಿಲ್ಲ ಅಂದರೆ, "ಆ ದುಡ್ಡು ಟೈರಿಗಾಗುತ್ತೆ" ಅಂತ ನಕ್ಕ. ನನಗೆ ನಗು ಬರಲಿಲ್ಲ. ಅರ್ಧ ಗಂಟೆ ದೂರದಲ್ಲಿ ಚಿಕ್ಕಪ್ಪನ ಮನೆಯಿದ್ದೂ ಹುಡುಗ ಸೊಳ್ಳೆ ಕಡಿಸಿಕೊಂಡು ಮಲಗಿದ್ದ.

ಶ್ರೀಪೆರಂಬುದೂರಿನ ಹತ್ತಿರದ ಈ ಟ್ರ್ಯಾಕ್ ಶುರುವಾದದ್ದು 1990ರಲ್ಲಿ. ಅದಕ್ಕೂ ಮುಂಚೆ ಇಲ್ಲಿನ ರೇಸು ನಡೆಯುತ್ತಿದ್ದುದು ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನದ ಓಡುದಾರಿಯ ಮೇಲೆ. ಶನಿವಾರ ನಾನೂ ಹೋದೆ. ಎರಡು ಬೈಕು ಅಕ್ಕಪಕ್ಕ ನಿಲ್ಲುತ್ತವೆ. ದೀಪ ಹಸಿರಾದ ಕೂಡಲೇ ನೇರ 402 ಮೀಟರು, ಅಂದರೆ ಕಾಲು ಮೈಲಿ. ಇವನ ಓಟ ಹದಿಮೂರು ಸೆಕೆಂಡಿನಲ್ಲಿ ಮುಗಿದೇಹೋಯಿತು. ಅಷ್ಟಕ್ಕೆ ಬೆಳಗ್ಗಿಂದ ಕಾಯಬೇಕು. ಗಾಡಿ ತಪಾಸಣೆ, ಹೆಲ್ಮೆಟ್ ತಪಾಸಣೆ, ಆಮೇಲೆ ಸರದಿ. ಚೆನ್ನೈ ಬಿಸಿಲು ನಿಮಗೆ ಗೊತ್ತಲ್ಲ, ಅದರಲ್ಲಿ ಮೈತುಂಬ ಚರ್ಮದ ಸೂಟು ಬೇರೆ.

ದೊಡ್ಡ ತಂಡಗಳಿಗೆ ಶಾಮಿಯಾನ, ಫ್ಯಾನು ಇದ್ದವು. ನಮ್ಮ ಹುಡುಗರಿಗೆ ಇದ್ದದ್ದು ಗಾಡಿಯ ನೆರಳು. ಸೂರ್ಯ ನೆತ್ತಿಗೆ ಬಂದಾಗ ಅದೂ ಇಲ್ಲ. ಮಧ್ಯಾಹ್ನ ಎರಡನೇ ಸರದಿಗೆ ಎದ್ದವನು ಹಾಗೇ ಕುಸಿದು ಕೂತ. ಸೂಟು ಬಿಚ್ಚಿ, ಒದ್ದೆ ಟವೆಲ್ ಹೊದಿಸಿ, ನನ್ನವಳು ಕೊಟ್ಟಿದ್ದ ಉಪ್ಪು ಮಜ್ಜಿಗೆ ಗುಟುಕು ಗುಟುಕಾಗಿ ಕುಡಿಸಿದೆವು. ಅವತ್ತಿನ ರೇಸು ಅಲ್ಲಿಗೇ ಮುಗಿಯಿತು.

ಆಗಲೇ ಅಣ್ಣನ ಫೋನು. "ಅವನ ಫೋನ್ ಸ್ವಿಚಾಫ್ ಬತ್ತಾದೆ. ನಿಂಗೇನಾರ ಗೊತ್ತಾ?"

ಹುಡುಗ ಕಣ್ಣಲ್ಲೇ ಬೇಡಿಕೊಂಡ. ಊರು ಬಿಟ್ಟ ಮೇಲೆ ಅಣ್ಣನಿಗೆ ಎಷ್ಟೋ ಸುಳ್ಳು ಹೇಳಿದ್ದೇನೆ: ಚೆನ್ನಾಗಿದೀನಿ, ಇಲ್ಲಿ ಸೆಕೆ ಏನೂ ಇಲ್ಲ, ಹಬ್ಬಕ್ಕೆ ರಜಾ ಸಿಗಲಿಲ್ಲ. ಇದೊಂದು ಮಾತ್ರ ಬಾಯಿಗೆ ಬರಲಿಲ್ಲ. ಇದ್ದದ್ದನ್ನೆಲ್ಲ ಹೇಳಿದೆ.

ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಬೈತಾನೆ ಅಂದುಕೊಂಡೆ. ಕೊನೆಗೆ ಕೇಳಿದ, "ಅಲ್ಲಿ ನೆರಳೈತಾ?"

ಹುಡುಗ ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಆದರೆ ಮುಂದಿನ ಸಲ ಟಾಟಾ ಏಸ್ ಬಂದಾಗ ಬೈಕಿನ ಮೇಲೆ ಹೊದಿಸಿದ್ದ ನೀಲಿ ಟಾರ್ಪಾಲು ನನಗೆ ಗುರುತು ಸಿಕ್ಕಿತು. ಸುಗ್ಗಿಯಲ್ಲಿ ಮಳೆ ಬಂದರೆ ಅಣ್ಣ ಭತ್ತದ ರಾಶಿಗೆ ಹೊದಿಸುತ್ತಿದ್ದ ಟಾರ್ಪಾಲು ಅದು. ಮಡಿಕೆಗಳಲ್ಲಿ ಇನ್ನೂ ಹೊಟ್ಟು ಅಂಟಿಕೊಂಡಿತ್ತು.